‘ನೆಫೇರಿಯಸ್’ ಪದವನ್ನು ಕೊರಿಯಾದ ಹುಡುಗಿಗೆ ಹೇಗೆ ಕಲಿಸಲಿ?

ಪ್ರಶ್ನೆ: ಕೊರಿಯಾದ ಕಾಲೇಜು ಹುಡುಗಿಯೊಬ್ಬಳಿಗೆ ಬೆಂಗಳೂರಿನಿಂದಲೇ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ‘ನೆಫೇರಿಯಸ್’ ಎಂದರೆ ‘ತುಂಬಾ ಕೆಟ್ಟ’ ಎಂದು ಹೇಳಿದ್ದೆ. ಮರುದಿನ ಅವಳು ‘ನೆಫೇರಿಯಸ್ ವೆದರ್’ ಎಂದು ಬರೆದಿದ್ದಳು! ಉಚ್ಚಾರವೂ ‘ನೆಪೆರಿಯಸು’ ಆಗುತ್ತಿದೆ. ಹೇಗೆ ತಿದ್ದಲಿ?

ಉತ್ತರ: ‘ತುಂಬಾ ಕೆಟ್ಟ’ ಎಂದು ಹೇಳಿಕೊಟ್ಟಿದ್ದಕ್ಕೇ ಅವಳು ಅದನ್ನು ಮಳೆಗಾಳಿಗೂ ಹಚ್ಚಿದಳು. ಈ ಪದದ ಹಿಂದೆ ಕೇಡು ಬಗೆಯುವ ಮನಸ್ಸು ಇರಲೇಬೇಕು. ಮಳೆಗೆ ಮನಸ್ಸೆಲ್ಲಿದೆ?

ಅವಳ ಭಾಷೆಯಿಂದಲೇ ಶುರು ಮಾಡಿ. ಕೊರಿಯನ್ನರು ಕಡು ದುಷ್ಟತನಕ್ಕೆ ‘ಗುಗಾಂಗ್‌ಮುದೊ’ ಎನ್ನುತ್ತಾರೆ. ಚೀನೀ ಮೂಲದ ನಾಲ್ಕು ಅಕ್ಷರಗಳ ಪದ ಅದು. ಮೊದಲೆರಡು ಸೇರಿದರೆ ‘ಅತಿಯಾದ ಕೇಡು’. ‘ಮು’ ಅಂದರೆ ಇಲ್ಲ, ‘ದೊ’ ಅಂದರೆ ದಾರಿ, ಮನುಷ್ಯ ನಡೆಯಬೇಕಾದ ದಾರಿ. ಟೇಕ್ವಾಂಡೊ ಎನ್ನುವಾಗ ಕೊನೆಯಲ್ಲಿ ಬರುವುದೂ ಇದೇ. ಈಗ ಲ್ಯಾಟಿನ್ ನೋಡಿ. ನೆಫೇರಿಯಸ್ ಬಂದಿದ್ದು ‘ನೆಫಾಸ್’ನಿಂದ. ‘ನೆ’ ಅಂದರೆ ಅಲ್ಲ, ‘ಫಾಸ್’ ಅಂದರೆ ದೇವರು ಒಪ್ಪುವ ನಡೆ. ನಮ್ಮ ‘ಅಧರ್ಮ’ವನ್ನು ಕಟ್ಟಿದ್ದೂ ಹೀಗೇ ಅಲ್ವಾ? ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ತೋರಿಸಿ. ಇಷ್ಟು ಚೆನ್ನಾಗಿ ಹೊಂದುವ ಪದಗಳು ಸಿಗುವುದು ಅಪರೂಪ, ಬಿಡಬೇಡಿ.

ಆದರೆ ಅರ್ಥ ತಿಳಿದರಷ್ಟೇ ಸಾಲದು. ನಿಘಂಟಿನಲ್ಲಿ ‘ಹೇನಸ್’ ಎಂಬ ಇನ್ನೊಂದು ಇಂಗ್ಲಿಷ್ ಪದಕ್ಕೂ ಇದೇ ಕೊರಿಯನ್ ಅರ್ಥ ಸಿಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಕನ್ನಡದಲ್ಲಿ ನೀವು ದಿನವೂ ಪಾಲಿಸುತ್ತೀರಿ. ಕೊಲೆ ‘ಘೋರ’, ಹುನ್ನಾರ ‘ದುಷ್ಟ’. ಘೋರ ಹುನ್ನಾರ ಎಂದರೆ ನಮ್ಮ ಕಿವಿಗೂ ಸರಿಹೋಗುವುದಿಲ್ಲ. ಹಾಗೇ ಇಂಗ್ಲಿಷಿನಲ್ಲಿ ನಡೆದುಹೋದ ಕ್ರೈಮ್‌ಗೆ ಜಾಸ್ತಿ ಬಳಸುವುದು ಹೇನಸ್. ತೆರೆಮರೆಯಲ್ಲಿ ಹೂಡುವ ಸ್ಕೀಮ್, ಪ್ಲಾಟ್, ಆ್ಯಕ್ಟಿವಿಟೀಸ್ ಇವಕ್ಕೆ ನೆಫೇರಿಯಸ್. ಒಂಟಿ ಪದ ಕಲಿಸಬೇಡಿ, ‘ನೆಫೇರಿಯಸ್ ಸ್ಕೀಮ್’ ಎಂದು ಜೋಡಿಯಾಗಿಯೇ ಬಾಯಿಪಾಠ ಮಾಡಿಸಿ. ಇದು ಪತ್ರಿಕೆ, ಪುಸ್ತಕಗಳ ಪದ. ತರಲೆ ಮಾಡುವ ತಮ್ಮನನ್ನು ಬೈಯಲು ಬೇಡ ಎಂದೂ ಹೇಳಿ.

ಇನ್ನು ಉಚ್ಚಾರ. ಕೊರಿಯನ್‌ನಲ್ಲಿ ಇಂಗ್ಲಿಷಿನ ‘ಫ’ ಇಲ್ಲ. ಕಾಫಿ ಅಲ್ಲಿ ‘ಕೊಪಿ’. ನಮ್ಮ ಹಳ್ಳಿಗಳ ‘ಕಾಪಿ’ ನೆನಪಾಯಿತೇ? ಪದದ ಕೊನೆಯ ‘ಸ್’ಗೂ ಅವರು ಸ್ವರ ಸೇರಿಸುತ್ತಾರೆ. ನಾವು ಬಸ್ಸು ಎಂದರೆ ಅವರು ‘ಬೊಸು’ ಎನ್ನುತ್ತಾರೆ. ಹಾಗಾಗಿ ಅವಳ ತೊಡಕು ನಿಮಗೆ ಹೊಸದಲ್ಲ. ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ಗಾಳಿ ಬಿಡಲು ಹೇಳಿ. ಒತ್ತು ಬೀಳುವುದೂ ‘ಫೇ’ ಮೇಲೆಯೇ. ಮೊದಲು ಸುಮ್ನೆ ‘ಫೇರ್’ ಎಂದು ಹತ್ತು ಸಲ ಹೇಳಿಸಿ. ಅದು ಕುದುರಿದ ಮೇಲೆ ಶುರುವಿಗೆ ‘ನೆ’, ಕೊನೆಗೆ ‘ಇಯಸ್’ ಸೇರಿಸಿ.