ವರ್ಷದ ಪಟ್ಟಿಯಲ್ಲಿ ಏನು ಬರೆಯಬೇಕು? ಹಕ್ಕಿ–ಪ್ರಾಣಿ ವೀಕ್ಷಣೆ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಳೆದ ಜನವರಿ 1ರಿಂದ ನಮ್ಮ ಅಡಿಕೆ ತೋಟದಲ್ಲೂ ಅದರ ಮೇಲಿನ ಸೊಪ್ಪಿನ ಬೆಟ್ಟದಲ್ಲೂ ಕಂಡ ಹಕ್ಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ವರ್ಷದಲ್ಲಿ ಮೊದಲು ಕಂಡ ದಿನ ಹೆಸರು ಬರೆದರೆ ಮತ್ತೆ ಆ ಹಕ್ಕಿಯನ್ನು ಬರೆಯುವುದಿಲ್ಲ. ಡಿಸೆಂಬರಿನಲ್ಲಿ ತಿರುವಿ ನೋಡಿದಾಗ ಪಟ್ಟಿ ಉದ್ದವಾಗಿತ್ತು, ಆದರೆ ಅದರಿಂದ ಏನೂ ತಿಳಿಯುವುದಿಲ್ಲ ಎನಿಸಿತು. ಕಣ್ಣಿಗೆ ಬೀಳದೆ ಕೂಗು ಮಾತ್ರ ಕೇಳಿಸಿದ ಹಕ್ಕಿಗಳನ್ನು ಸೇರಿಸಬಹುದೇ?
— ನಿವೃತ್ತ ಶಿಕ್ಷಕಿ, ಶಿರಸಿ ತಾಲ್ಲೂಕು

ಉತ್ತರ: ನಿಮಗೆ ಅನಿಸಿದ್ದು ಸರಿಯಾಗಿದೆ. ನಿಮ್ಮ ಪುಸ್ತಕದಲ್ಲಿ ಪ್ರತಿ ಹಕ್ಕಿಯ ಒಂದೇ ಒಂದು ದಿನ ಉಳಿದಿದೆ, ಅದೂ ಎಷ್ಟೋ ಸಲ ಅರ್ಥವಿಲ್ಲದ ದಿನ. ಜನವರಿ ಮೊದಲ ವಾರ ಹಳ್ಳದ ಕಲ್ಲಿನ ಮೇಲೆ ಬಾಲ ಕುಣಿಸುತ್ತಿದ್ದ ಬೂದು ಸಿಪಿಲೆಯನ್ನು ವರ್ಷದ ಮೊದಲ ಸಿಪಿಲೆ ಎಂದು ನೀವು ಬರೆದಿರಬಹುದು. ಆದರೆ ಆ ಹಕ್ಕಿ ಹಿಮಾಲಯದಿಂದಲೋ ಅದರಾಚೆಯಿಂದಲೋ ಹೊರಟು, ಹಿಂದಿನ ಸೆಪ್ಟೆಂಬರ್ ಹೊತ್ತಿಗೇ ಮಲೆನಾಡಿಗೆ ಬಂದಿರುತ್ತದೆ. ನಮ್ಮಲ್ಲಿ ಚಳಿಗಾಲ ಕಳೆಯುವ ಹಕ್ಕಿಗಳ ವಾಸ ಆಗಸ್ಟ್ ಕೊನೆಯಿಂದ ಏಪ್ರಿಲ್‌ವರೆಗೆ ಹರಡಿರುವುದರಿಂದ ಕ್ಯಾಲೆಂಡರಿನ ವರ್ಷ ಅದನ್ನು ಸರಿಯಾಗಿ ನಡುವೆ ಕತ್ತರಿಸುತ್ತದೆ. ಆದ್ದರಿಂದ ಮುಂಗಾರು ಹಿಡಿಯುವ ಜೂನ್‌ನಿಂದ ಮುಂದಿನ ಮೇ ತಿಂಗಳವರೆಗೆ ಒಂದು ವರ್ಷ ಎಂದಿಟ್ಟುಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಜನವರಿಯಿಂದ ಲೆಕ್ಕ ಹಿಡಿಯುವ ಆಸೆಯಿದ್ದರೆ ಅದನ್ನೂ ಬಿಡಬೇಕಾಗಿಲ್ಲ. ದಿನಾಂಕ ಸರಿಯಾಗಿದ್ದರೆ ಒಂದೇ ಟಿಪ್ಪಣಿಯಿಂದ ಎರಡೂ ಪಟ್ಟಿಗಳನ್ನು ತೆಗೆಯಬಹುದು.

ಹಕ್ಕಿ ಬಂದ ದಿನವನ್ನು ಎಲ್ಲರೂ ಕಾದು ಬರೆಯುತ್ತಾರೆ. ಹೋದ ದಿನ ಬಹಳಷ್ಟು ಪಟ್ಟಿಗಳಲ್ಲಿ ಸಿಗುವುದಿಲ್ಲ, ಏಕೆಂದರೆ ಕೊನೆಯ ಸಲ ನೋಡುತ್ತಿರುವಾಗ ಅದು ಕೊನೆಯದೆಂದು ಯಾರಿಗೂ ಗೊತ್ತಿರುವುದಿಲ್ಲ. ಮಾರ್ಚ್ ಉದ್ದಕ್ಕೂ ‘ಸಿಪಿಲೆ ಇತ್ತು’ ಎಂದು ಬರೆಯುತ್ತ ಬಂದು, ಏಪ್ರಿಲ್‌ನಲ್ಲಿ ಅದಿಲ್ಲದ ಬೆಳಗುಗಳನ್ನೂ ಬರೆದವರಿಗೆ ಮಾತ್ರ ಆ ದಿನ ಸಿಗುತ್ತದೆ. ಅಕ್ಟೋಬರ್–ನವೆಂಬರಿನಲ್ಲಿ ಬಂದು ಮುಂಜಾನೆ, ಮುಸ್ಸಂಜೆ ಎರಡು ಸ್ವರದಲ್ಲಿ ಕೂಗಿ ತಾನಿರುವುದನ್ನು ತಿಳಿಸುವ ನವರಂಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ವಲಸೆ ಹಕ್ಕಿಗಳು ಬಂದುಹೋಗುವ ಕಾಲವನ್ನು ಜನಸಾಮಾನ್ಯರ ನೆರವಿನಿಂದ ದಾಖಲಿಸುವ ಮೈಗ್ರಂಟ್‌ವಾಚ್ ಎಂಬ ಕೆಲಸ ನಮ್ಮ ದೇಶದಲ್ಲಿ 2007ರಲ್ಲಿ ಆರಂಭವಾದಾಗ ಅದಕ್ಕೆ ಬೇಕಾಗಿದ್ದುದು ನಿಮ್ಮಂತೆ ಒಂದೇ ಜಾಗದಲ್ಲಿ ದಿನವೂ ಓಡಾಡುವವರ ಟಿಪ್ಪಣಿಗಳೇ.

ಆದುದರಿಂದ ಹೆಸರಿನ ಪಟ್ಟಿಗಿಂತ ಮೊದಲು ದಿನದ ಟಿಪ್ಪಣಿ ಇರಲಿ. ಅದು ಹೀಗಿದ್ದರೆ ಸಾಕು: ‘ಸೆಪ್ಟೆಂಬರ್ 14, ಬೆಳಿಗ್ಗೆ 6.50ರಿಂದ 7.20. ಕೊಟ್ಟಿಗೆಯಿಂದ ಹಳ್ಳದವರೆಗೆ ನಡಿಗೆ. ಮೋಡ, ಮಳೆಯಿಲ್ಲ. ಪಿಕಳಾರ 6, ಮಡಿವಾಳ ಹಕ್ಕಿ 2, ಕಾಜಾಣ 1, ಕುಟ್ರ 3 (ಕೂಗು ಮಾತ್ರ), ಬೂದು ಸಿಪಿಲೆ 1. ಕೆಂದಳಿಲು 1, ಹಲಸಿನ ಮರದಲ್ಲಿ.’ ಆ ಅರ್ಧ ಗಂಟೆಯಲ್ಲಿ ಗುರುತಿಸಲು ಸಾಧ್ಯವಾದ ಎಲ್ಲವನ್ನೂ, ದಿನವೂ ಕಾಣುವ ಪಿಕಳಾರವನ್ನೂ ಬಿಡದೆ ಬರೆಯಿರಿ. ಎಲ್ಲವನ್ನೂ ಬರೆದಾಗ ಮಾತ್ರ ಬರೆಯದೆ ಉಳಿದ ಹೆಸರಿಗೂ ಬೆಲೆ ಬರುತ್ತದೆ: ಆ ದಿನ ಆ ಹಕ್ಕಿ ಕಾಣಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಊರು, ದಿನಾಂಕಗಳನ್ನು ಕೂಡಿಸಿಯೇ ದಾಖಲಿಸಿದ್ದರಿಂದ, ಇಷ್ಟು ದಶಕಗಳ ಬಳಿಕವೂ ಅದೇ ಜಾಗಗಳಿಗೆ ಹೋಗಿ ಹೋಲಿಸಿ ನೋಡಲು ಸಾಧ್ಯವಾಗಿದೆ.

ಕೂಗು ಕೇಳಿಸಿದ ಹಕ್ಕಿಯನ್ನು ಖಂಡಿತ ಸೇರಿಸಿ, ಪಕ್ಕದಲ್ಲಿ ‘ಕೂಗು’ ಎಂದು ಬರೆಯಿರಿ. ಘಟ್ಟದ ದಟ್ಟ ಕಾಡಿನಲ್ಲಿ ಕಿವಿಯನ್ನು ನಂಬದಿದ್ದರೆ ಪಟ್ಟಿ ಅರ್ಧಕ್ಕಿಳಿಯುತ್ತದೆ. ಒಂದೇ ಎಚ್ಚರಿಕೆ ಭೀಮರಾಜನ ವಿಷಯದಲ್ಲಿ ಬೇಕು. ಅದು ಗಿಡುಗಗಳ ಕೂಗನ್ನೂ, ತನ್ನೊಡನೆ ಮೇಯುವ ಬೇರೆ ಹಕ್ಕಿಗಳ ಎಚ್ಚರಿಕೆಯ ಕೂಗನ್ನೂ ಚೆನ್ನಾಗಿ ಅನುಕರಿಸುತ್ತದೆ. ನಿಮ್ಮಲ್ಲಿ ಅಪರೂಪವಾದ ಹಕ್ಕಿಯ ದನಿ ಕೇಳಿಸಿದಾಗ ಸುತ್ತ ಭೀಮರಾಜನಿದ್ದರೆ ‘ಸಂಶಯ’ ಎಂದು ಬರೆದಿಡಿ. ಸಂಶಯವೆಂದು ಬರೆದದ್ದನ್ನು ಮುಂದೆ ತಿದ್ದಬಹುದು; ಖಚಿತವೆಂದು ಬರೆದದ್ದನ್ನು ಯಾರೂ ತಿದ್ದಲು ಹೋಗುವುದಿಲ್ಲ.

ಪ್ರಶ್ನೆ: ಹಕ್ಕಿಗಳ ಜೊತೆ ಸಸ್ತನಿಗಳ ಪಟ್ಟಿಯನ್ನೂ ಇಡಬೇಕೆಂದಿದ್ದೇನೆ. ವರ್ಷವಿಡೀ ಅಲೆದರೂ ಕೃಷ್ಣಮೃಗ, ಮುಂಗುಸಿ, ಅಳಿಲು, ಮಂಗ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಹೆಜ್ಜೆ ಗುರುತು, ಹಿಕ್ಕೆ, ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿ ಇವುಗಳನ್ನು ಲೆಕ್ಕಕ್ಕೆ ಹಿಡಿಯಬಹುದೇ?
— ಓದುಗರು, ರಾಣೆಬೆನ್ನೂರು

ಉತ್ತರ: ಹಿಡಿಯಬಹುದು, ಆದರೆ ಕಣ್ಣಾರೆ ಕಂಡದ್ದರ ಜೊತೆ ಬೆರೆಸದೆ ಬೇರೆ ಕಾಲಮಿನಲ್ಲಿ ಬರೆಯಬೇಕು. ನಮ್ಮ ಸಸ್ತನಿಗಳಲ್ಲಿ ಹೆಚ್ಚಿನವು ರಾತ್ರಿ ಸಂಚರಿಸುವುದರಿಂದ ಗುರುತುಗಳನ್ನು ಬಿಟ್ಟರೆ ಪಟ್ಟಿ ನಿಜಕ್ಕೂ ಬಡವಾಗುತ್ತದೆ. ಉದುರಿದ ಮುಳ್ಳು ಸಿಕ್ಕರೆ ಮುಳ್ಳುಹಂದಿಯ ಬಗ್ಗೆ ಅನುಮಾನವೇ ಉಳಿಯುವುದಿಲ್ಲ. ಹೊಳೆಯ ಬಂಡೆಯ ಮೇಲೆ ಮೀನಿನ ಪೊರೆ, ಏಡಿಯ ಚಿಪ್ಪಿನ ಚೂರು ತುಂಬಿದ ಹಿಕ್ಕೆ ಕಂಡರೆ ಅದು ನೀರುನಾಯಿಯದ್ದು ಎನ್ನಲು ಬಲವಾದ ಕಾರಣವಿದೆ. ಆದರೆ ತೋಳದ ಹೆಜ್ಜೆಯನ್ನು ಊರ ದೊಡ್ಡ ನಾಯಿಯ ಹೆಜ್ಜೆಯಿಂದ ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಅಂಥ ಕಡೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ‘ತೋಳ ಅಥವಾ ನಾಯಿ’ ಎಂದೇ ಬರೆಯಿರಿ. ಬಾವಲಿ, ಇಲಿ, ಸುಂಡಿಲಿಗಳನ್ನು ಜಾತಿಯ ಮಟ್ಟಕ್ಕೆ ಇಳಿಸಲಾಗದಿದ್ದರೆ ‘ಬಾವಲಿ, ಚಿಕ್ಕದು’ ಎಂದು ನಿಲ್ಲಿಸುವುದು ಪ್ರಾಮಾಣಿಕ ದಾಖಲೆ.

ಕಂಡ ನಾಲ್ಕೇ ಪ್ರಾಣಿಗಳನ್ನು ಹೇಗೆ ಬರೆದಿದ್ದೀರಿ ಎಂಬುದು ನನಗೆ ಇನ್ನೂ ಮುಖ್ಯವೆನಿಸುತ್ತದೆ. ‘ಮುಂಗುಸಿ’ ಎಂಬ ಒಂದು ಪದ ಸಾಲದು. ನಮ್ಮ ಬಯಲುಸೀಮೆಯ ಊರ ಸುತ್ತ ಸಾಮಾನ್ಯವಾಗಿ ಕಾಣುವ ಬೂದು ಮುಂಗುಸಿಯ ಬಾಲದ ತುದಿ ಕಪ್ಪಾಗಿರುವುದಿಲ್ಲ. ಕುರುಚಲು ಕಾಡಿನ ಕೆಂಚು ಮುಂಗುಸಿಯ ಬಾಲದ ತುದಿ ಕಪ್ಪಾಗಿದ್ದು, ಓಡುವಾಗ ಆ ತುದಿ ಮೇಲಕ್ಕೆ ಬಾಗಿರುತ್ತದೆ. ರಸ್ತೆ ದಾಟುವ ಮುಂಗುಸಿ ಕಾಣಿಸುವುದು ಎರಡು ಕ್ಷಣವಾದ್ದರಿಂದ ಮುಖ ಬಿಟ್ಟು ಬಾಲದ ತುದಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹಾಗೆಯೇ ನಿಮ್ಮೂರಿನ ಅಭಯಾರಣ್ಯದ ಕೃಷ್ಣಮೃಗಗಳನ್ನು ‘ಹಿಂಡು’ ಎಂದಷ್ಟೇ ಬರೆಯದೆ, ಕಪ್ಪು ಮೈಯ ತಿರುಚುಗೊಂಬಿನ ಗಂಡು ಎಷ್ಟು, ಇನ್ನೂ ಕಂದು ಬಣ್ಣದಲ್ಲಿರುವ ಎಳೆಗಂಡು ಎಷ್ಟು, ಹೆಣ್ಣು ಎಷ್ಟು, ಮರಿ ಎಷ್ಟು ಎಂದು ಬಿಡಿಸಿ ಬರೆದರೆ, ಮರಿಗಳು ಹೆಚ್ಚಾಗಿ ಕಾಣುವ ತಿಂಗಳು ಯಾವುದೆಂಬುದನ್ನು ನಿಮ್ಮ ಪುಸ್ತಕವೇ ಹೇಳುತ್ತದೆ.

ರಸ್ತೆಯಲ್ಲಿ ಸತ್ತ ಪ್ರಾಣಿಯನ್ನು ಬರೆಯಲು ಮನಸ್ಸು ಒಪ್ಪುವುದಿಲ್ಲ, ನಿಜ. ಆದರೂ ಬರೆಯಿರಿ, ಕಿಲೋಮೀಟರ್ ಕಲ್ಲಿನ ಸಂಖ್ಯೆ, ದಿನಾಂಕ ಎರಡನ್ನೂ ಬರೆಯಿರಿ. ಒಂದೇ ತಿರುವಿನಲ್ಲಿ ವರ್ಷಕ್ಕೆ ಹಲವು ಪುನುಗು ಬೆಕ್ಕುಗಳು ಸಾಯುತ್ತಿವೆ ಎಂಬುದು ಇಂಥ ಪುಸ್ತಕವಿಲ್ಲದೆ ಯಾರ ಗಮನಕ್ಕೂ ಬರುವುದಿಲ್ಲ, ಮತ್ತು ಅರಣ್ಯ ಇಲಾಖೆಗೆ ವೇಗತಡೆ ಕೇಳಿ ಅರ್ಜಿ ಬರೆಯುವಾಗ ಬೇಕಾಗುವುದೂ ಈ ಸಾಲುಗಳೇ.

ಪ್ರಶ್ನೆ: ನಾವು ಗೆಳೆಯರು ವರ್ಷದ ಪಟ್ಟಿಯಲ್ಲಿ ಪೈಪೋಟಿ ನಡೆಸುತ್ತೇವೆ. ಎಲ್ಲಾದರೂ ಅಪರೂಪದ ಹಕ್ಕಿ ಬಂದ ಸುದ್ದಿ ತಿಳಿದರೆ ಬೈಕ್ ಏರಿ ಹೊರಡುತ್ತೇವೆ. ಇದು ತಪ್ಪೇ?
— ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ತಪ್ಪಲ್ಲ. ನಿಮ್ಮ ಮೈಸೂರಿನ ಬಳಿಯ ಹದಿನಾರು ಎಂಬ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತು ಬಂದಿದೆಯೆಂದು ಓಡಿಹೋದವರೇ ಅವುಗಳ ಕೊರಳಪಟ್ಟಿಯ ಅಕ್ಷರಗಳನ್ನು ಓದಿ, ಮಂಗೋಲಿಯಾದಲ್ಲಿ ಗುರುತು ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಿಗೆ ಬರುತ್ತವೆಂಬುದನ್ನು ದಾಖಲಿಸಿದ್ದಾರೆ. ಆದರೆ ಹಾದಿಯಲ್ಲಿ ತಂತಿಯ ಮೇಲೆ ಕುಳಿತಿದ್ದ ನೀಲಕಂಠವನ್ನು ‘ಆಗಲೇ ಪಟ್ಟಿಯಲ್ಲಿದೆ’ ಎಂದು ಬರೆಯದೆ ದಾಟಿ ಹೋದರೆ ನಷ್ಟವಾಗುತ್ತದೆ. ಸುಮಾರು 30,000 ಪಕ್ಷಿವೀಕ್ಷಕರ 3 ಕೋಟಿಗೂ ಹೆಚ್ಚು ದಾಖಲೆಗಳನ್ನು ಒಟ್ಟುಗೂಡಿಸಿ, 942 ಜಾತಿಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯಲ್ಲಿ ಗಣನೀಯವಾಗಿ ಇಳಿದಿವೆಯೆಂದು ಕಂಡುಬಂದವುಗಳಲ್ಲಿ ನಮ್ಮ ರಾಜ್ಯಪಕ್ಷಿಯಾದ ಈ ನೀಲಕಂಠವೂ ಇದೆ. ಎಲ್ಲರೂ ಕಾಣುವ ಹಕ್ಕಿಯೆಂದು ಯಾರೂ ಬರೆಯದೆ ಬಿಟ್ಟಿದ್ದರೆ ಈ ಇಳಿಕೆ ತಿಳಿಯುತ್ತಲೇ ಇರಲಿಲ್ಲ. ಗೆಳೆಯರಲ್ಲಿ ಪೈಪೋಟಿ ಬೇಕೇಬೇಕೆಂದರೆ, ವರ್ಷದಲ್ಲಿ ಯಾರು ಹೆಚ್ಚು ದಿನ ಒಂದೇ ಕೆರೆಗೆ ಹೋಗಿ ಪೂರ್ಣ ಪಟ್ಟಿ ಬರೆದರು ಎಂಬುದರಲ್ಲಿ ನಡೆಸಿ.

ಎರಡು ಕೆಲಸಗಳನ್ನು ಮಾತ್ರ ಯಾವ ಹಕ್ಕಿಗಾಗಿಯೂ ಮಾಡಬೇಡಿ. ಮೊಬೈಲಿನಲ್ಲಿ ಕೂಗು ನುಡಿಸಿ ಹಕ್ಕಿಯನ್ನು ಹೊರಗೆಳೆಯುವುದು ಒಂದು. ಮರಿಗೆ ಉಣಿಸಬೇಕಾದ ಹೊತ್ತಿನಲ್ಲಿ ಅದು ಇಲ್ಲದ ಎದುರಾಳಿಯನ್ನು ಹುಡುಕುತ್ತ ಅಲೆಯುತ್ತದೆ. ಗೂಡಿನ ಜಾಗವನ್ನು ಗುಂಪಿನಲ್ಲಿ ಹಂಚುವುದು ಇನ್ನೊಂದು. ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವ ಎರೆಬೂತದಂಥ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ವಿಷಯದಲ್ಲಿ ತಾಲ್ಲೂಕಿನ ಹೆಸರಿಗಿಂತ ಹೆಚ್ಚು ವಿವರ ಹೊರಗೆ ಬರಬಾರದು. ಪೂರ್ಣ ವಿವರ ನಿಮ್ಮ ಪುಸ್ತಕದಲ್ಲೂ ಅರಣ್ಯ ಇಲಾಖೆಯಲ್ಲೂ ಇದ್ದರೆ ಸಾಕು.

ಪ್ರಶ್ನೆ: ಪುಸ್ತಕದಲ್ಲಿ ಬರೆಯುವುದು ಒಳ್ಳೆಯದೇ, ಮೊಬೈಲಿನಲ್ಲೇ?
— ಓದುಗರು, ತುಮಕೂರು

ಉತ್ತರ: ಎರಡೂ ಇರಲಿ. ಹಕ್ಕಿಗಳಿಗೆ ಇ-ಬರ್ಡ್ ಎಂಬ ಮೊಬೈಲ್ ಆ್ಯಪ್ ಇದೆ. ಹೊತ್ತು, ದೂರ, ಎಣಿಕೆಗಳನ್ನು ಅದೇ ಕೇಳಿ ಪಡೆಯುತ್ತದೆ, ವರ್ಷದ ಪಟ್ಟಿಯನ್ನೂ ತಾನೇ ಕಟ್ಟಿಕೊಡುತ್ತದೆ. ಸಸ್ತನಿಗಳ ಚಿತ್ರಗಳನ್ನು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಗಳಿಗೆ ಸೇರಿಸಿದರೆ ತಿಳಿದವರು ಗುರುತನ್ನು ಪರಿಶೀಲಿಸುತ್ತಾರೆ. ಆದರೆ ತುಮಕೂರಿನ ಸುತ್ತಲಿನ ಹುಣಸೆ ತೋಪಿನಲ್ಲಿ ರಾತ್ರಿ ಸಂಚರಿಸುವ ಕಾಡುಪಾಪ ಕಂಡರೆ, ಅದು ಯಾವ ಕೊಂಬೆಯಿಂದ ಯಾವ ಕೊಂಬೆಗೆ ಹೇಗೆ ದಾಟಿತು, ಬಾಯಲ್ಲಿ ಏನಿತ್ತು, ನಿಮ್ಮನ್ನು ಕಂಡು ಎಷ್ಟು ಹೊತ್ತು ನಿಶ್ಚಲವಾಗಿತ್ತು ಎಂಬುದನ್ನೆಲ್ಲ ಬರೆಯಲು ಪುಸ್ತಕದಲ್ಲೇ ಜಾಗ ಹೆಚ್ಚು. ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಳ್ಳಿ, ಬೆಳಕನ್ನು ಅದರ ಕಣ್ಣಿಗೆ ಹಿಡಿಯಬೇಡಿ, ಪೆನ್ಸಿಲ್‌ನಲ್ಲಿ ಬರೆಯಿರಿ. ಮಳೆಯಲ್ಲಿ ನೆನೆದರೂ ಅದು ಅಳಿಸುವುದಿಲ್ಲ.