ಅಧ್ಯಕ್ಷರು ಆಮೇಲೆ, ಮೊದಲು ಬೀಜ ತನ್ನಿ

ತುಮಕೂರಿನ ಬಡಾವಣೆಯೊಂದರಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇದು:

‘ಗಿಡ, ಹಕ್ಕಿ, ಕೆರೆ ಎಂದರೆ ಆಸೆ ಇರುವ ನಮ್ಮ ಬಡಾವಣೆಯವರನ್ನು ಸೇರಿಸಿ ತಿಂಗಳಿಗೊಂದು ಭಾನುವಾರ ಪಾರ್ಕಿನಲ್ಲಿ ಕೂಟ ಶುರು ಮಾಡಿದೆ. ಮೊದಲ ಸಲ ಬೆಂಚುಗಳು ಸಾಲಲಿಲ್ಲ. ಬರಬರುತ್ತಾ ಜನ ಕಡಿಮೆಯಾಗಿ, ಈಗ ನಾವು ಮೂರು ನಾಲ್ಕು ಮಂದಿ ಉಳಿದಿದ್ದೇವೆ. ಸಂಘ ರಿಜಿಸ್ಟರ್ ಮಾಡಿಸಿ, ಪದಾಧಿಕಾರಿಗಳನ್ನು ಆರಿಸಿ, ತಿಂಗಳಿಗೊಬ್ಬ ಅತಿಥಿಯಿಂದ ಭಾಷಣ ಮಾಡಿಸಿ ಎಂದು ಕೆಲವರು ಹೇಳುತ್ತಾರೆ. ಇದರ ಮಧ್ಯೆ ಎದುರುಮನೆಯವರು ರಸ್ತೆಬದಿಯ ಹೊಂಗೆ ಮರದಿಂದ ಎಲೆ ಬಿದ್ದು ಗಲೀಜಾಗುತ್ತೆ, ಕಡಿಸಬೇಕು ಎಂದು ಓಡಾಡುತ್ತಿದ್ದಾರೆ. ಕೂಟದಲ್ಲಿ ಆ ಮಾತು ತೆಗೆದರೆ ಜಗಳವೇ ಆಗುತ್ತದೆ. ಏನು ಮಾಡಲಿ? ಇನ್ನೊಂದು, ನಮ್ಮ ಮನೆಯ ಕರಿಬೇವು ಎಷ್ಟು ಕಾಲವಾದರೂ ಮೊಣಕಾಲೆತ್ತರ ದಾಟುತ್ತಿಲ್ಲ.’

ಮೇಷ್ಟ್ರೇ, ನಮಸ್ಕಾರ.

ಮೂರು ನಾಲ್ಕು ಮಂದಿ ಉಳಿದಿದ್ದೇವೆ ಎಂದು ಬೇಸರದಿಂದ ಬರೆದಿದ್ದೀರಿ. ನನಗೆ ಅದನ್ನು ಓದಿ ಸಂತೋಷವಾಯಿತು. ಭಾನುವಾರ ಬೆಳಗ್ಗೆ ಮನೆಯ ಕೆಲಸ ಬಿಟ್ಟು, ತಿಂಡಿ ಕಾಫಿಯ ಆಸೆಯೂ ಇಲ್ಲದೆ, ಬರೀ ಗಿಡದ ಮಾತಿಗೆಂದು ಬರುವವರು ಮೂವರಿದ್ದರೆ ಅದು ದೊಡ್ಡ ಆಸ್ತಿ. ಮೊದಲ ದಿನ ಬಂದ ಉಳಿದವರನ್ನೂ ಬಿಟ್ಟುಕೊಡಬೇಡಿ. ಅವರಿಗೆ ಗಿಡದ ಮೇಲೆ ಪ್ರೀತಿ ಇರಲಿಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಬಂದರು, ಕೂತರು, ಕೇಳಿದರು, ಬರಿಗೈಲಿ ಮನೆಗೆ ಹೋದರು. ಮುಂದಿನ ತಿಂಗಳು ಮತ್ತೆ ಬರಲು ಅವರಿಗೊಂದು ಕೆಲಸ ಇರಲಿಲ್ಲ. ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ: ನಿಮ್ಮ ಕೂಟಕ್ಕೆ ಬಂದವರು ಏನಾದರೂ ಕೊಟ್ಟು, ಏನಾದರೂ ತೆಗೆದುಕೊಂಡು, ಒಂದು ಕೆಲಸ ಒಪ್ಪಿಕೊಂಡು ಹೋಗುವಂತಾಗಲಿ.

ಸಂಘದ ವಿಚಾರ ಬೇಗ ಮುಗಿಸುತ್ತೇನೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಅದಾದ ಮೇಲೆ ವರ್ಷಾವರ್ಷ ಸಭೆ ನಡೆಸಬೇಕು, ಲೆಕ್ಕಪತ್ರ ಒಪ್ಪಿಸಬೇಕು. ದೇಣಿಗೆ ಎತ್ತುವ, ಬ್ಯಾಂಕ್ ಖಾತೆ ತೆರೆಯುವ ಅಗತ್ಯ ಬಂದ ದಿನ ಮಾಡಿಸಿ. ಈಗ ನಿಮಗಿರುವ ಖರ್ಚು ಏನು? ಒಂದು ಜಮಖಾನ, ಒಂದು ಕುಡಿಯುವ ನೀರಿನ ಕ್ಯಾನು. ಅದಕ್ಕೆ ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ ಯಾಕೆ ಬೇಕು? ಪದವಿ ಬಂತು ಅಂದರೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನುವ ಮಾತೂ ಬರುತ್ತದೆ. ಇರುವ ನಾಲ್ಕು ಜನರಲ್ಲಿ ಆ ಮಾತು ಬರುವುದು ಬೇಡ.

ಭಾಷಣವೂ ಸದ್ಯಕ್ಕೆ ಬೇಡ. ಗಿಡ ಬೆಳೆಸುವವರಿಗೆ ಕೇಳುವುದಕ್ಕಿಂತ ಹೇಳುವುದು ಇಷ್ಟ. ಹೇಳುವುದಕ್ಕಿಂತ ಕೊಡುವುದು ಇನ್ನೂ ಇಷ್ಟ. ಬೆಂಗಳೂರಿನಲ್ಲಿ 2011ರಲ್ಲಿ ಶುರುವಾದ ‘ಊಟ ಫ್ರಂ ಯುವರ್ ತೋಟ’ ಎಂಬ ಕೂಟ ಬೆಳೆದದ್ದು ಈ ದಾರಿಯಲ್ಲೇ. ತಾರಸಿ ಮೇಲೆ ತರಕಾರಿ ಬೆಳೆಯುವವರು ಮೂರು ತಿಂಗಳಿಗೊಮ್ಮೆ ಒಂದೊಂದು ಬಡಾವಣೆಯಲ್ಲಿ ಸೇರುತ್ತಾರೆ. ತಾವು ಬೆಳೆದದ್ದನ್ನು ತರುತ್ತಾರೆ, ಬೀಜ, ಕಡ್ಡಿ, ಸಸಿ ಬದಲಾಯಿಸಿಕೊಳ್ಳುತ್ತಾರೆ. ಅಲ್ಲಿ ಜನ ಜಾಸ್ತಿ ಸೇರುವುದು ವೇದಿಕೆಯ ಮುಂದಲ್ಲ, ಬೀಜ ಇಟ್ಟ ಮೇಜಿನ ಸುತ್ತ.

ತುಮಕೂರಿನಲ್ಲಿ ಇದು ಇನ್ನೂ ಸುಲಭ. ನಮ್ಮ ಬಡಾವಣೆಗಳಲ್ಲಿ ಅರ್ಧಕ್ಕರ್ಧ ಜನರಿಗೆ ಗುಬ್ಬಿ, ಕುಣಿಗಲ್, ಶಿರಾ, ಮಧುಗಿರಿ ಕಡೆ ಊರಿದೆ, ಹೊಲವಿದೆ, ಬೀಜ ಕಟ್ಟಿಡುವ ಅಮ್ಮನೋ ಅತ್ತೆಯೋ ಇದ್ದಾರೆ. ಇಂಥ ಒಂದು ಕೂಟಕ್ಕೆ ಗುಬ್ಬಿ ಕಡೆಯ ಅಜ್ಜಿಯೊಬ್ಬರು ಬಳ್ಳಿಯಲ್ಲೇ ಒಣಗಿದ ಹೀರೆಕಾಯಿ ತಂದಿದ್ದನ್ನು ನಾನು ನೋಡಿದ್ದೇನೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಗಲಗಲ ಎಂದಿತು. ಕಾಯಿಯ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿದರು. ಅಲ್ಲೊಂದು ಸಣ್ಣ ಮುಚ್ಚಳ ಇರುತ್ತದೆ, ಅದು ಟಕ್ಕೆಂದು ಕಳಚಿಕೊಂಡಿತು. ಕಾಯಿ ಬಗ್ಗಿಸಿದರೆ ಕಪ್ಪು ಬೀಜಗಳು ಒಂದೊಂದಾಗಿ ಸೆರಗಿಗೆ ಉದುರಿದವು. ಒಳಗೆ ಉಳಿದ ನಾರನ್ನು ಮೈ ಉಜ್ಜಲು ಇಟ್ಟುಕೊಳ್ಳಿ ಎಂದು ಪಕ್ಕದವರಿಗೆ ಕೊಟ್ಟರು. ಬೀಜ ಕೊಡುವಾಗ, ‘ಮೊದಲು ಬಿಟ್ಟ ಒಳ್ಳೆ ಕಾಯಿಯನ್ನೇ ಬೀಜಕ್ಕೆ ಬಿಡಬೇಕು. ಎಲ್ಲಾ ತಿಂದು ಕೊನೆಗೆ ಉಳಿದ ಸೊಟ್ಟ ಕಾಯಿ ಬಿಡಬಾರದು’ ಎಂದರು. ಅಲ್ಲಿದ್ದ ಹುಡುಗ ಹುಡುಗಿಯರೆಲ್ಲ ಫೋನು ಜೇಬಿಗಿಟ್ಟು ಬಗ್ಗಿ ನೋಡುತ್ತಿದ್ದರು. ಆ ಅಜ್ಜಿ ಮೈಕ್ ಹಿಡಿಯಿರಿ ಎಂದಿದ್ದರೆ ಒಪ್ಪುತ್ತಿರಲಿಲ್ಲ.

ಆದ್ದರಿಂದ ಮುಂದಿನ ತಿಂಗಳ ಚೀಟಿಯಲ್ಲಿ ‘ಉಪನ್ಯಾಸ’ ಎಂದು ಬರೆಯಬೇಡಿ. ‘ನಿಮ್ಮಲ್ಲಿ ಹೆಚ್ಚಾಗಿರುವ ಬೀಜವೋ ಕಡ್ಡಿಯೋ ತನ್ನಿ’ ಎಂದು ಬರೆಯಿರಿ. ಮಳೆಗಾಲವಾದರೆ ದಾಸವಾಳ, ನುಗ್ಗೆ, ದೊಡ್ಡಪತ್ರೆ, ವೀಳ್ಯದೆಲೆ ಬಳ್ಳಿ ಎಲ್ಲವೂ ಕಡ್ಡಿಯಿಂದಲೇ ಬರುತ್ತವೆ. ದಾಸವಾಳಕ್ಕೆ ಪೆನ್ಸಿಲ್ ದಪ್ಪದ ಕಡ್ಡಿ ಸಾಕು. ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದು, ನೆರಳಿನಲ್ಲಿ ಊರಬೇಕು. ಸುಗ್ಗಿ ಮುಗಿದ ಮೇಲಾದರೆ ಅವರೆ, ತೊಗರಿ, ಅಲಸಂದೆ ತರಿಸಿ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಬೀಜಕ್ಕೆ ಬೂದಿ ಬೆರೆಸಿ ಹುಳ ಬರದಂತೆ ಇಡುವುದು, ಇವನ್ನೆಲ್ಲ ಕೈಯಾರೆ ಮಾಡಿ ತೋರಿಸುವವರು ನಿಮ್ಮ ಬೀದಿಯಲ್ಲೇ ಸಿಗುತ್ತಾರೆ. ತೆಗೆದುಕೊಂಡು ಹೋದವರ ಹೆಸರು, ಯಾವ ಬೀಜ ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೆಳೆ ಬಂದ ಮೇಲೆ ತೆಗೆದುಕೊಂಡಷ್ಟು ಬೀಜ ವಾಪಸ್ ತರಬೇಕು, ಅದೊಂದೇ ಷರತ್ತು.

ಇನ್ನೊಂದು ಮಾತು. ಗಿಡಮರದ ವಿಷಯ ಎಲ್ಲರಿಗಿಂತ ಜಾಸ್ತಿ ಗೊತ್ತಿರುವವರು ಸಾಮಾನ್ಯವಾಗಿ ಇಂಥ ಕೂಟಗಳಲ್ಲಿ ಇರುವುದೇ ಇಲ್ಲ. ಸೊಪ್ಪು ಮಾರುವ ಅಮ್ಮ, ಪಾರ್ಕಿನ ಮಾಲಿ, ಬೆಳಗಿನ ಜಾವ ನಿಮ್ಮ ರಸ್ತೆ ಗುಡಿಸುವ ಪೌರಕಾರ್ಮಿಕರು, ಇವರನ್ನು ಕರೆದಿದ್ದೀರಾ? ಮಳೆ ಬಿದ್ದು ಎರಡು ಮೂರು ವಾರಕ್ಕೆ ಖಾಲಿ ಸೈಟುಗಳಲ್ಲಿ, ಬದುಗಳಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕನ್ನೆ ಸೊಪ್ಪು, ಹೊನಗೊನ್ನೆ ಏಳುತ್ತವೆ. ನಮ್ಮ ಕಣ್ಣಿಗೆ ಎಲ್ಲವೂ ಬರೀ ಕಳೆ. ಬೆರಕೆ ಸೊಪ್ಪು ಕಿತ್ತು ಗೊತ್ತಿರುವ ಒಬ್ಬ ಹೆಂಗಸಿನ ಜೊತೆ ಒಂದು ಗಂಟೆ ನಡೆಯಿರಿ. ಯಾವುದು ಮಸ್ಸೊಪ್ಪಿಗೆ, ಯಾವುದು ಬಸ್ಸಾರಿಗೆ, ಯಾವುದು ಹೂ ಬಿಟ್ಟ ಮೇಲೆ ತಿನ್ನಬಾರದು ಎಂದು ಅವರು ಹೇಳುತ್ತಾ ಹೋಗುತ್ತಾರೆ. ಚರಂಡಿ ಪಕ್ಕದ್ದು, ಕಳೆನಾಶಕ ಹೊಡೆದ ಜಾಗದ್ದು ಮುಟ್ಟಬೇಡಿ. ಮತ್ತೆ, ಆಕೆಯ ಒಂದು ಬೆಳಗಿನ ದುಡಿಮೆ ಹೋಗುತ್ತದಲ್ವಾ, ಅದಕ್ಕೆ ಸರಿಯಾದ ಹಣ ಕೊಡಿ. ಅತಿಥಿಗೆ ಶಾಲು, ಹಾರ ತರಲು ಎತ್ತುವ ಚಂದಾ ಇದಕ್ಕೆ ಸಾಕಾಗುತ್ತದೆ.

ನಿಮ್ಮ ಸುತ್ತಮುತ್ತ ಯಾರ ಹಿತ್ತಲಲ್ಲಿ ಯಾವ ಒಳ್ಳೆಯ ಮರ ಇದೆ ಎಂದು ಕೂಟದವರನ್ನು ಕೇಳುತ್ತಾ ಬನ್ನಿ. ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸು ನಿಮಗೆ ಗೊತ್ತೇ ಇದೆ. ರೈತರೊಬ್ಬರ ಜಮೀನಿನಲ್ಲಿ ನಿಂತಿದ್ದ ಒಂದು ಮರ. ಹಣ್ಣು ಸಣ್ಣದು, ಎರಡೂವರೆ ಕಿಲೋ ಆಸುಪಾಸು. ತೊಳೆ ಮಾತ್ರ ತಾಮ್ರದ ಕೆಂಪು. ಹಿರೇಹಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಅದನ್ನು ಗುರುತಿಸಿ, 2017ರಲ್ಲಿ ಆ ರೈತರೊಂದಿಗೆ ಒಪ್ಪಂದ ಮಾಡಿಕೊಂಡರು. ಗಿಡ ಮಾರಿದ ಹಣದಲ್ಲಿ ರೈತರಿಗೂ ಪಾಲು. ಹಲಸಿನ ಬೀಜ ಹಾಕಿದರೆ ತಾಯಿಮರದ ಹಣ್ಣೇ ಸಿಗುತ್ತದೆ ಎಂದು ಹೇಳಲಾಗದು, ಕಸಿಯೇ ಆಗಬೇಕು. ಹಾಗಾಗಿ ಇಂಥ ಒಂದು ಮರ ಯಾರ ಕಣ್ಣಿಗೂ ಬೀಳದೆ ಉರುಳಿದರೆ ಆ ಹಣ್ಣು ಅಲ್ಲಿಗೆ ಮುಗಿಯಿತು. ಹಿರೇಹಳ್ಳಿ ನಿಮಗೆ ಹತ್ತಿರ. ಕೂಟದವರೆಲ್ಲ ಒಂದು ದಿನ ಹೋಗಿ ಕಸಿ ಕಟ್ಟುವುದನ್ನು ನೋಡಿಬನ್ನಿ. ಮೊದಲೇ ಕೇಳಿ ಹೋಗುವುದು ಒಳ್ಳೆಯದು.

ಸಸಿ ನೆಡುವ ಕಾರ್ಯಕ್ರಮ ಮಾಡುವುದಾದರೆ ಪರಿಸರ ದಿನ ಎಂದು ಜೂನ್ 5ಕ್ಕೇ ಮಾಡಬೇಕೆಂಬ ಹಠ ಬೇಡ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನ್‌ನಲ್ಲಿ ನಾಲ್ಕು ಹನಿ ನಂಬಿ ನೆಟ್ಟ ಸಸಿ ಜುಲೈನ ಒಣಗಾಳಿಗೆ ಸೊರಗುತ್ತದೆ. ಗುಂಡಿ ಮೊದಲೇ ತೆಗೆದಿಟ್ಟು, ನೆಲ ಚೆನ್ನಾಗಿ ನೆಂದ ಮೇಲೆ ನೆಡಿ. ಎಷ್ಟು ಮನೆಯವರು ಎರಡು ಬೇಸಿಗೆ ನೀರು ಹಾಕುತ್ತೇವೆ ಎಂದು ಒಪ್ಪುತ್ತಾರೋ ಅಷ್ಟೇ ಸಸಿ ನೆಡಿ. ಐದು ಮನೆಯಾದರೆ ಐದೇ.

ಈಗ ಹೊಂಗೆ ಮರದ ಮಾತು. ಇದು ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಎಂದು ಪತ್ರದಲ್ಲೇ ಕಾಣುತ್ತದೆ. ಮೊದಲು ಕಾನೂನು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ತೆಂಗು, ನೀಲಗಿರಿ, ಸರ್ವೆಯಂಥ ಕೆಲವಕ್ಕೆ ವಿನಾಯಿತಿ ಇದೆ, ರಸ್ತೆಬದಿಯ ಹೊಂಗೆಗೆ ಇಲ್ಲ. ಹಾಗಂತ ಕಾಯ್ದೆಯ ಪುಸ್ತಕ ಹಿಡಿದು ಎದುರುಮನೆಗೆ ಹೋಗಬೇಡಿ. ಅದು ಕೊನೆಯ ದಾರಿ. ಅವರ ಕಷ್ಟವೂ ನಿಜವೇ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೊಂಗೆ ಒಂದೇ ಸಮ ಎಲೆ ಉದುರಿಸುತ್ತದೆ. ವಯಸ್ಸಾದವರೊಬ್ಬರು ದಿನಾ ಬೆಳಗ್ಗೆ ಬಾಗಿಲು ಗುಡಿಸಿ, ರಂಗೋಲಿ ಹಾಕುವಷ್ಟರಲ್ಲಿ ಮತ್ತೆ ಎಲೆ ಬಿದ್ದರೆ ಸಿಟ್ಟು ಬರದೇ ಇರುತ್ತದಾ?

ಆ ಎಲೆ ನಿಮ್ಮ ಕೂಟಕ್ಕೆ ಬೇಕು ಎಂದು ಕೇಳಿ. ಪಾರ್ಕಿನ ಮೂಲೆಯಲ್ಲಿ, ಪಾಲಿಕೆಯವರ ಒಪ್ಪಿಗೆ ಪಡೆದು, ಮೂರಡಿ ಎತ್ತರದ ತಂತಿ ಬಲೆಯನ್ನು ಸುತ್ತಿ ನಿಲ್ಲಿಸಿ. ಒಂದು ಪದರ ಎಲೆ, ಅದರ ಮೇಲೆ ಎರಡು ಬೊಗಸೆ ಮಣ್ಣು, ಸ್ವಲ್ಪ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ. ಹೀಗೆ ತುಂಬುತ್ತಾ ಹೋಗಿ, ಒದ್ದೆ ಆರದಂತೆ ನೋಡಿಕೊಳ್ಳಿ, ಹದಿನೈದು ದಿನಕ್ಕೊಮ್ಮೆ ಮಗುಚಿ. ನಾಲ್ಕೈದು ತಿಂಗಳಿಗೆ ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗುವ ಕಪ್ಪು ಗೊಬ್ಬರ ಸಿಗುತ್ತದೆ. ಬೆಳಗ್ಗೆ ಎಲೆ ಗುಡಿಸುವ ಸರದಿಯನ್ನು, ಎಲೆ ಉದುರುವ ಆ ಒಂದೂವರೆ ತಿಂಗಳು, ಕೂಟದವರು ಹಂಚಿಕೊಳ್ಳಿ. ಎಲೆ ರಾಶಿ ಹಾಕಿ ಬೆಂಕಿ ಹಚ್ಚುವುದೂ ಇದರಿಂದ ನಿಲ್ಲುತ್ತದೆ. ಬೀದಿಯಲ್ಲಿ ಕಸ ಸುಡುವುದು ಘನತ್ಯಾಜ್ಯ ನಿಯಮದಲ್ಲಿ ತಪ್ಪು. ಮೊದಲ ಚೀಲ ಗೊಬ್ಬರ ಎದುರುಮನೆಯ ಹೂಕುಂಡಗಳಿಗೆ ಹೋಗಲಿ. ಜೋತುಬಿದ್ದ ಕೊಂಬೆಯೊಂದನ್ನು ಸವರಬೇಕು ಎಂದು ಅವರು ಕೇಳಿದರೆ ನೀವೇ ಜೊತೆಗೆ ಹೋಗಿ ಅರ್ಜಿ ಕೊಡಿ. ಇಷ್ಟರ ಮೇಲೂ ಕಡಿಸಲು ಹೊರಟರೆ ವೃಕ್ಷಾಧಿಕಾರಿಗೆ ಬರಹದಲ್ಲಿ ಆಕ್ಷೇಪಣೆ ಕೊಡಿ. ಆಗ ಹಿಂಜರಿಯಬೇಡಿ.

ಹಕ್ಕಿ ಆಸಕ್ತರನ್ನು ಅಮಾನಿಕೆರೆ ಏರಿಯ ಮೇಲೆ ಸೇರಿಸಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ನಿಂತು, ಕಂಡ ಹಕ್ಕಿ ಎಣಿಸಿ, ಹಕ್ಕಿ ದಾಖಲೆಯ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಿದರಾಯಿತು. ಚಳಿಗಾಲದ ವಲಸೆ ಹಕ್ಕಿಗಳು ಆಗ ಇನ್ನೂ ಇರುತ್ತವೆ. ಆಮೇಲೆ ಒಂದು ದಿನ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿಬನ್ನಿ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ಟುತ್ತವೆ. ಕೆಳಗೆ ಜನ ದನ ಕಟ್ಟುತ್ತಾ, ಪಾತ್ರೆ ತೊಳೆಯುತ್ತಾ ತಮ್ಮ ಪಾಡಿಗೆ ಇರುತ್ತಾರೆ. ಹಿಕ್ಕೆಯ ವಾಸನೆ, ಮರಿಗಳ ಗಲಾಟೆ ಎಲ್ಲವನ್ನೂ ಸಹಿಸಿಕೊಂಡು ಆ ಊರು ಹಕ್ಕಿಗಳನ್ನು ಇಟ್ಟುಕೊಂಡಿದೆ. ಎದುರುಮನೆಯವರನ್ನೂ ಕರೆದುಕೊಂಡು ಹೋಗಿ. ಮಧುಗಿರಿಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿರುವ ಹುಲ್ಲುಗಾವಲು 2007ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಅದರ ಹಿಂದೆಯೂ ತುಮಕೂರಿನ ನಿಸರ್ಗಪ್ರಿಯರು ವರ್ಷಗಟ್ಟಲೆ ಓಡಾಡಿ, ನೋಡಿ, ಬರೆದಿಟ್ಟ ಕೆಲಸವಿದೆ.

ಮಕ್ಕಳಿಗೆ ಒಂದು ಮರ ಒಪ್ಪಿಸಿ. ವಾರಕ್ಕೊಮ್ಮೆ ನೋಡಿ ಚಿಗುರು, ಹೂ, ಕಾಯಿ ಎಷ್ಟಿದೆ ಎಂದು ಬರೆಯಲಿ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ದೇಶದ ಎಷ್ಟೋ ಶಾಲೆಗಳು ಇದನ್ನೇ ಮಾಡುತ್ತಿವೆ. ನೀವು ಮೇಷ್ಟ್ರು, ನಿಮಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ.

ಕೊನೆಗೆ ನಿಮ್ಮ ಕರಿಬೇವು. ಅದಕ್ಕೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಕಾಂಪೌಂಡ್ ನೆರಳಿನಲ್ಲಿದ್ದರೆ ಏಳುವುದಿಲ್ಲ. ಒಗ್ಗರಣೆಗೆಂದು ಎಲೆ ಸವರಿಕೊಂಡು ಬರೀ ಕಡ್ಡಿ ಬಿಡುತ್ತಿದ್ದರೆ ನಿಲ್ಲಿಸಿ, ತುದಿಯ ಸಮೇತ ಚಿವುಟಿ. ಚಿವುಟಿದ ಕೆಳಗಿನಿಂದ ಎರಡು ಕವಲು ಒಡೆಯುತ್ತದೆ. ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಬೋರ್‌ವೆಲ್ಲಿನ ಗಡಸು ನೀರಿನ ತೊಂದರೆ ಇರಬಹುದು. ಮಳೆನೀರು ಹಿಡಿದು ಹಾಕಿ ನೋಡಿ, ಹುಳಿ ಮಜ್ಜಿಗೆಯನ್ನು ಚೆನ್ನಾಗಿ ನೀರು ಮಾಡಿ ತಿಂಗಳಿಗೊಮ್ಮೆ ಬುಡಕ್ಕೆ ಹಾಕಿ. ಗಿಡ ಚೇತರಿಸಿಕೊಳ್ಳುವವರೆಗೆ ಹೂಗೊಂಚಲು ಚಿವುಟುತ್ತಿರಿ. ಮುಂದೆ ಹಣ್ಣು ಬಿಡುವಷ್ಟು ಬೆಳೆದಾಗ ಕಪ್ಪಾದ ಹಣ್ಣನ್ನು ಅದೇ ವಾರದ ಕೂಟಕ್ಕೆ ಒಯ್ಯಿರಿ. ಕರಿಬೇವಿನ ಬೀಜ ಒಣಗಿಸಿ ಇಟ್ಟರೆ ಹುಟ್ಟುವುದಿಲ್ಲ, ಹಸಿಯಾಗಿದ್ದಾಗಲೇ ಮಣ್ಣಿಗೆ ಹಾಕಬೇಕು.

ನಿಮ್ಮ ಕೂಟದ ದಿನ, ಜಾಗ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಯಾವ ಬೀಜ ಬೇಕು ಎಂದೂ ಬರೆಯಿರಿ.

– ಸಂಪಾದಕ