ಅಬ್ರಹಾಮನ ನೀತಿ: ಸುನ್ನತಿಗೆ ಮೊದಲೋ, ಆಮೇಲೋ?

ತಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಮನುಷ್ಯನು ನಂಬಿಕೆಯಿಂದಲೇ ನೀತಿವಂತನಾಗುತ್ತಾನೆ ಎನ್ನುವ ಕ್ರೈಸ್ತರು ದೀಕ್ಷಾಸ್ನಾನ, ಯೇಸುವಿನ ನೆನಪಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ, ಈಸ್ಟರಿಗೆ ಮುಂಚಿನ ಲೆಂಟ್ ಕಾಲದ ಉಪವಾಸ ಇವನ್ನೆಲ್ಲ ಏಕೆ ಉಳಿಸಿಕೊಂಡಿದ್ದಾರೆ ಎಂಬುದು ಒಂದು. ಈ ಒಳಗಿನ ನಂಬಿಕೆಯೂ ಕನ್ನಡದಲ್ಲಿ ನಾವು ಬಹುಕಾಲದಿಂದ ಹೇಳುತ್ತ ಬಂದಿರುವ ಅಂತರಂಗಶುದ್ಧಿಯೂ ಒಂದೇ ಅಲ್ಲವೇ ಎಂಬುದು ಇನ್ನೊಂದು. ನಾನು ಪ್ರೊಟೆಸ್ಟೆಂಟ್ ಸಭೆಯೊಂದರಲ್ಲಿ ಬೆಳೆದವನು, ದೇವಶಾಸ್ತ್ರ ಓದಿ ಪದವಿ ಪಡೆದವನಲ್ಲ. ಆದ್ದರಿಂದ ಇದನ್ನು ಒಬ್ಬ ಸಾಮಾನ್ಯ ಸಭಿಕನ ಉತ್ತರವೆಂದು ಓದಿಕೊಳ್ಳಬೇಕು. ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಎರಡೂ ಒಂದೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಆಡಂಬರದ ಆಚರಣೆಯನ್ನು ಒಪ್ಪದಿರುವುದರಲ್ಲಿ ಎರಡಕ್ಕೂ ಹೋಲಿಕೆಯಿದೆ ನಿಜ, ಆದರೆ ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ.

ತೊಡಕು ‘ನೀತಿ’ ಎಂಬ ಮಾತಿನಿಂದಲೇ ಆರಂಭವಾಗುತ್ತದೆ. ನೀತಿಕಥೆ, ನೀತಿಪಾಠ ಎಂದು ಬಳಸಿ ಪಳಗಿದ ನಮಗೆ ನೀತಿವಂತನೆಂದರೆ ಸದ್ಗುಣಿ, ನಡತೆಯಲ್ಲಿ ಕಳಂಕವಿಲ್ಲದವನು ಎಂದೇ ಕೇಳಿಸುತ್ತದೆ. ಆದಿಸಭೆಗಳಿಗೆ ಪತ್ರಿಕೆಗಳನ್ನು ಬರೆದ ಅಪೊಸ್ತಲ ಪೌಲನು ಬಳಸಿದ ಗ್ರೀಕ್ ಪದಕ್ಕಾದರೋ ನ್ಯಾಯಸ್ಥಾನದ ವಾಸನೆಯಿದೆ. ಅಲ್ಲಿ ನೀತಿವಂತನೆಂದರೆ ಯಾರ ಪರವಾಗಿ ತೀರ್ಪು ಬಂದಿತೋ ಅವನು. ಅದರ ಜೊತೆಗೆ ಬರುವ ‘ಎಣಿಸು’ ಎಂಬ ಕ್ರಿಯಾಪದ ಲೆಕ್ಕದ ಪುಸ್ತಕದ್ದು. ಅದೃಷ್ಟಕ್ಕೆ ಕನ್ನಡದ ‘ಎಣಿಸು’ವಿಗೂ ಲೆಕ್ಕ ಹಾಕು, ಭಾವಿಸು ಎಂಬ ಎರಡೂ ಅರ್ಥಗಳಿರುವುದರಿಂದ ಅನುವಾದದಲ್ಲಿ ಆ ಸ್ವಾರಸ್ಯ ಹಾಗೆಯೇ ಉಳಿದುಕೊಂಡಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಕೂಲಿಯ ಮಾತನ್ನೇ ಎತ್ತುತ್ತಾನೆ: ದುಡಿದವನಿಗೆ ಕೊಡುವ ಕೂಲಿಯನ್ನು ಯಾರೂ ಕೃಪೆ ಎನ್ನುವುದಿಲ್ಲ, ಅದು ಸಲ್ಲಬೇಕಾದ ಬಾಕಿ, ದುಡಿಯದೆ, ಭಕ್ತಿಹೀನನನ್ನೂ ನೀತಿವಂತನೆಂದು ನಿರ್ಣಯಿಸುವಾತನಲ್ಲಿ ಭರವಸೆಯಿಟ್ಟವನ ನಂಬಿಕೆಯೇ ನೀತಿಯೆಂದು ಎಣಿಕೆಯಾಗುತ್ತದೆ. ‘ಭಕ್ತಿಹೀನನನ್ನೂ’ ಎಂಬ ಆ ಮಾತನ್ನು ಗಮನಿಸಬೇಕು. ಒಳಗನ್ನು ತೊಳೆದು ಶುಚಿ ಮಾಡಿಕೊಂಡವನಿಗೆ ಸಿಗುವ ಬಹುಮಾನದ ಸಂಗತಿ ಇದಲ್ಲ.

ಇದನ್ನು ಸ್ಥಾಪಿಸಲು ಪೌಲನು ಹೂಡುವ ವಾದ ನನಗೆ ಬಹಳ ಇಷ್ಟವಾದದ್ದು, ಏಕೆಂದರೆ ಅದರಲ್ಲಿ ತತ್ತ್ವಕ್ಕಿಂತ ಹೆಚ್ಚಾಗಿ ಕಾಲಗಣನೆಯಿದೆ. ಯೆಹೂದ್ಯರ ಮೂಲಪಿತೃವಾದ ಅಬ್ರಹಾಮನು ಇರುಳಿನಲ್ಲಿ ಹೊರಗೆ ನಿಂತು, ನಿನ್ನ ಸಂತತಿ ಈ ನಕ್ಷತ್ರಗಳಷ್ಟಾಗುವುದೆಂಬ ಮಾತನ್ನು ಕೇಳಿ ನಂಬಿದ್ದು, ಆ ನಂಬಿಕೆ ನೀತಿಯೆಂದು ಎಣಿಸಲ್ಪಟ್ಟದ್ದು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 15ನೆಯ ಅಧ್ಯಾಯದಲ್ಲಿ. ಸುನ್ನತಿಯ ಆಜ್ಞೆ ಬರುವುದು 17ನೆಯ ಅಧ್ಯಾಯದಲ್ಲಿ. ನಡುವಿನ 16ನೆಯ ಅಧ್ಯಾಯ ಅವನ ಮಗ ಇಷ್ಮಾಯೇಲನ ಜನನದ್ದು. ಆಗ ಅಬ್ರಹಾಮನಿಗೆ 86 ವರ್ಷ. ಸುನ್ನತಿಯಾದಾಗ ಅವನಿಗೆ 99, ಮಗನಿಗೆ 13. ಅಂದರೆ ನೀತಿವಂತನೆಂದು ಎಣಿಸಲ್ಪಟ್ಟ ಮೇಲೂ ಆ ಮನುಷ್ಯ ಕನಿಷ್ಠ ಹದಿಮೂರು ವರ್ಷ ಸುನ್ನತಿಯಿಲ್ಲದೆ ಬಾಳಿದ್ದಾನೆ. ಎಣಿಕೆಯಾದದ್ದು ಯಾವಾಗ, ಸುನ್ನತಿಯಾದ ಮೇಲೋ ಅದಕ್ಕೆ ಮೊದಲೋ ಎಂದು ಪೌಲನು ಒಬ್ಬ ವಕೀಲನ ಹಾಗೆ ಪ್ರಶ್ನೆ ಹಾಕಿ, ಮೊದಲೇ ಎಂದು ತಾನೇ ಉತ್ತರ ಕೊಟ್ಟು, ಸುನ್ನತಿಯು ಆಗಲೇ ಇದ್ದ ನಂಬಿಕೆಯ ನೀತಿಗೆ ಒತ್ತಿದ ಮುದ್ರೆ ಎನ್ನುತ್ತಾನೆ. ಕಾಗದ ಬರೆದಾದ ಮೇಲೆ ಮುದ್ರೆ ಬೀಳುತ್ತದೆ. ಬರಿಯ ಹಾಳೆಗೆ ಎಷ್ಟು ಮುದ್ರೆ ಒತ್ತಿದರೂ ಅದು ಪತ್ರವಾಗುವುದಿಲ್ಲ.

ಇದನ್ನು ಓದಿದ ಕ್ರೈಸ್ತರು ಯೆಹೂದ್ಯರೆಂದರೆ ಬರೀ ಆಚರಣೆಯವರು, ನಾವು ಹೃದಯದವರು ಎಂದು ಬೀಗುವುದುಂಟು. ಅದು ಅನ್ಯಾಯ. ನಿಮ್ಮ ಹೃದಯಕ್ಕೆ ಸುನ್ನತಿ ಮಾಡಿಕೊಳ್ಳಿರಿ ಎಂಬ ಮಾತು ಅವರದೇ ಗ್ರಂಥವಾದ ಧರ್ಮೋಪದೇಶಕಾಂಡದಲ್ಲಿಯೇ ಇದೆ, ಪ್ರವಾದಿ ಯೆರೆಮೀಯನಲ್ಲಿಯೂ ಇದೆ. ನನಗೆ ಬೇಕಾದದ್ದು ಯಜ್ಞವಲ್ಲ, ಕರುಣೆ ಎಂದು ಪ್ರವಾದಿ ಹೋಶೇಯನ ಬಾಯಿಂದ ದೇವರು ನುಡಿದದ್ದನ್ನೇ ಯೇಸು ಎತ್ತಿ ಹೇಳುತ್ತಾನೆ. ಪೌಲನು ಕೂಡ ಎಂಟನೆಯ ದಿನದಲ್ಲಿ ಸುನ್ನತಿಯಾದವನು, ಬೆನ್ಯಾಮೀನನ ಕುಲದವನು, ಫರಿಸಾಯನು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು. ಅವನು ಜಗಳಕ್ಕೆ ನಿಂತದ್ದು ಮುದ್ರೆಯನ್ನು ಬಾಗಿಲ ಅಗುಳಿಯಾಗಿ ಬಳಸಿದಾಗ. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರನು ಅನ್ಯಜನರೊಂದಿಗೆ, ಅಂದರೆ ಯೆಹೂದ್ಯರಲ್ಲದವರೊಂದಿಗೆ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದವನು, ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯ ಕೆಲವರು ಬಂದ ಕೂಡಲೇ ಹೆದರಿ ಹಿಂದೆ ಸರಿದು ಬೇರೆ ಕುಳಿತಾಗ, ಎಲ್ಲರೆದುರಿಗೇ ಮುಖಕ್ಕೆ ಮುಖ ಕೊಟ್ಟು ಖಂಡಿಸಿದೆನೆಂದು ಗಲಾತ್ಯದವರಿಗೆ ಬರೆಯುತ್ತಾನೆ. ಪಂಕ್ತಿಭೇದವೆಂದರೆ ಏನೆಂದು ಬಲ್ಲ ಕನ್ನಡ ಓದುಗರಿಗೆ ಆ ದೃಶ್ಯವನ್ನು ವಿವರಿಸಬೇಕಾಗಿಲ್ಲ.

ಹದಿನೈದು ಶತಮಾನಗಳ ತರುವಾಯ ಇದೇ ಪತ್ರಿಕೆಯನ್ನು ಹಿಡಿದು ಕುಳಿತ ಮಾರ್ಟಿನ್ ಲೂಥರನ ಕಥೆ ತಮಗೆ ತಿಳಿದಿರಬಹುದು. 1505ರಲ್ಲಿ ಎರ್ಫುರ್ಟಿನ ಅಗಸ್ಟೀನಿಯನ್ ಮಠ ಸೇರಿದ ಅವನು ನಿಯಮ ತಪ್ಪಿದ ಸನ್ಯಾಸಿಯಲ್ಲ. 1545ರಲ್ಲಿ, ಸಾಯುವ ಹಿಂದಿನ ವರ್ಷ, ತನ್ನ ಲ್ಯಾಟಿನ್ ಬರಹಗಳ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ, ಸನ್ಯಾಸಿಯಾಗಿ ನಿಂದೆಗೆ ಎಡೆಯಿಲ್ಲದಂತೆ ಬದುಕಿದ್ದರೂ ದೇವರ ಮುಂದೆ ತನ್ನ ಮನಸ್ಸಾಕ್ಷಿ ತಳಮಳಿಸುತ್ತಿತ್ತೆಂದೂ, ‘ದೇವರ ನೀತಿ’ ಎಂಬ ಮಾತನ್ನೇ ತಾನು ದ್ವೇಷಿಸುತ್ತಿದ್ದೆನೆಂದೂ ಒಪ್ಪಿಕೊಳ್ಳುತ್ತಾನೆ. ಆ ನೀತಿ ದೇವರು ಅಳೆಯಲು ಹಿಡಿದ ಕೋಲಲ್ಲ, ಆತನು ಕೊಡುವ ದಾನ ಎಂದು ಹೊಳೆದಾಗ ತೆರೆದ ಬಾಗಿಲುಗಳಿಂದ ಪರದೈಸಿನ (ಸ್ವರ್ಗದ) ಒಳಗೆ ಹೋದಂತಾಯಿತು ಎನ್ನುತ್ತಾನೆ. ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದವನ್ನು ಜರ್ಮನ್ ಅನುವಾದದಲ್ಲಿ ರೋಮಾಪುರದವರಿಗೆ 3:28ರಲ್ಲಿ ಸೇರಿಸಿದ್ದಕ್ಕೆ ಅವನು ಟೀಕೆಗೆ ಗುರಿಯಾದ. ಜರ್ಮನ್ ಜಾಯಮಾನಕ್ಕೆ ಅದು ಬೇಕೇ ಬೇಕು ಎಂದು 1530ರಲ್ಲಿ ಸಮರ್ಥಿಸಿಕೊಂಡ. ನಾನು ಲೂಥರನ ಪಕ್ಷದವನೇ ಆದರೂ, ಆ ಪದವನ್ನು ಬರೆಯದೆಯೂ ಪೌಲನ ಅರ್ಥ ನಿಲ್ಲುತ್ತಿತ್ತು ಎಂದು ನನಗನಿಸುತ್ತದೆ.

ಇಲ್ಲಿ ಯಾಕೋಬನ ಪತ್ರಿಕೆಯ ಮಾತು ಬಂದೇ ಬರುತ್ತದೆ: ಮನುಷ್ಯನು ನಂಬಿಕೆಯಿಂದ ಮಾತ್ರವಲ್ಲದೆ ಕ್ರಿಯೆಗಳಿಂದಲೂ ನೀತಿವಂತನೆಂದು ನಿರ್ಣಯಿಸಲ್ಪಡುತ್ತಾನೆಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ, ಅದಕ್ಕೂ ಅಬ್ರಹಾಮನೇ ಸಾಕ್ಷಿ. ಆದರೆ ಯಾಕೋಬನು ತೋರಿಸುವುದು ಅಬ್ರಹಾಮನು ತನ್ನ ಮಗ ಇಸಾಕನನ್ನು ಯಜ್ಞವೇದಿಯ ಮೇಲಿಟ್ಟ ಘಟನೆಯನ್ನು, ಅದು ಆದಿಕಾಂಡ 22. ಹದಿನೈದು, ಹದಿನೇಳು, ಇಪ್ಪತ್ತೆರಡು: ನಂಬಿಕೆ, ಮುದ್ರೆ, ಕ್ರಿಯೆ. ಆ ಸರಣಿಯನ್ನು ಹಿಂದುಮುಂದು ಮಾಡದಿದ್ದರೆ ಪೌಲನಿಗೂ ಯಾಕೋಬನಿಗೂ ಅಷ್ಟೇನೂ ಜಗಳವಿಲ್ಲ. ಕಥೋಲಿಕರೂ ಲೂಥರನರೂ ಈ ವಿಷಯದಲ್ಲಿ ಶತಮಾನಗಳ ಕಾಲ ಒಬ್ಬರನ್ನೊಬ್ಬರು ಖಂಡಿಸಿದ ಮೇಲೆ, 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಭಿನ್ನಾಭಿಪ್ರಾಯ ಪೂರ್ತಿ ಕರಗಿಲ್ಲ, ಆದರೆ ನಮ್ಮ ಯಾವ ಪುಣ್ಯದಿಂದಲೂ ಅಲ್ಲ, ಕೃಪೆಯಿಂದಲೇ ಎಂಬಲ್ಲಿ ಇಬ್ಬರೂ ಕೂಡಿದ್ದಾರೆ.

ಈಗ ‘ಒಳಗಿನದು’ ಎಂಬ ಮಾತಿನ ಅಪಾಯಕ್ಕೆ ಬರುತ್ತೇನೆ. ಲೂಕನ ಸುವಾರ್ತೆಯ ಸಾಮ್ಯವೊಂದರಲ್ಲಿ (ದೃಷ್ಟಾಂತಕಥೆಯಲ್ಲಿ) ಫರಿಸಾಯನು ವಾರಕ್ಕೆರಡು ಉಪವಾಸ, ದಶಮಾಂಶ ಎಂದು ದೇವರೆದುರು ಪಟ್ಟಿ ಓದುತ್ತಾನೆ. ಜನರು ಪಾಪಿಯೆಂದು ಹೀಗಳೆಯುತ್ತಿದ್ದ ಸುಂಕದವನು ದೂರ ನಿಂತು ಎದೆ ಬಡಿದುಕೊಂಡು, ಪಾಪಿಯಾದ ನನ್ನನ್ನು ಕರುಣಿಸು ಎಂದಷ್ಟೇ ಹೇಳಿ, ನೀತಿವಂತನೆನ್ನಿಸಿಕೊಂಡು ಮನೆಗೆ ಹೋಗುತ್ತಾನೆ. ನಮ್ಮ ಕಾಲದ ಫರಿಸಾಯನಿಗೆ ಉಪವಾಸವೂ ಬೇಕಾಗಿಲ್ಲ. ದೇವರೇ, ನಾನು ಈ ಆಚರಣೆಯ ಜನರಂತಲ್ಲ, ನನ್ನದು ಶುದ್ಧ ಅಂತರಂಗ, ನಿನಗೆ ಸ್ತೋತ್ರ ಎಂದು ಅವನು ಅದೇ ಪ್ರಾರ್ಥನೆಯನ್ನು ತಿರುಗಿಸಿ ಮಾಡಬಲ್ಲ. ನಾನೇ ಹಲವು ವರ್ಷ ಹೀಗೆ ಮಾಡಿದ್ದೇನೆ. ಕಾಲೇಜಿನ ದಿನಗಳಲ್ಲಿ ಆರಾಧನೆಗೆ ಹೋಗುವವರನ್ನು ಕಂಡು ಒಳಗೊಳಗೇ ನಕ್ಕದ್ದನ್ನು ನಂಬಿಕೆ ಎಂದು ತಿಳಿದಿದ್ದೆ. ಭಾವದ ತೀವ್ರತೆಯನ್ನೋ ಮನಸ್ಸಿನ ನಿರ್ಮಲತೆಯನ್ನೋ ದೇವರಿಗೆ ತೋರಿಸಿ ತೀರ್ಪು ಕೇಳಿದರೆ ಅದೂ ಒಂದು ಕ್ರಿಯೆಯೇ, ಯಾರ ಕಣ್ಣಿಗೂ ಬೀಳದೆ ನಡೆಯುವ ಕ್ರಿಯೆ. ಪೌಲನ ‘ನಂಬಿಕೆ’ ತನ್ನನ್ನು ತಾನು ನೋಡಿಕೊಳ್ಳುವುದಿಲ್ಲ; ಅದು ಇನ್ನೊಬ್ಬನ ಮೇಲೆ ಭಾರ ಹಾಕುವುದು. ‘ಅವನನ್ನು ನಂಬಿ ಬಂದೆ’ ಎಂದು ಊರಲ್ಲಿ ಹೇಳುವಾಗಿನ ನಂಬಿಕೆಯೇ ಅದು.

ಹಾಗಿದ್ದರೆ ಆಚರಣೆ ಏಕೆ ಎಂಬ ಮೊದಲ ಪ್ರಶ್ನೆಗೆ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳುತ್ತೇನೆ. ನನ್ನ ಅಜ್ಜಿಗೆ ಕೊನೆಯ ನಾಲ್ಕು ವರ್ಷ ಮರೆವಿನ ಕಾಯಿಲೆಯಿತ್ತು. ಪರಲೋಕದಲ್ಲಿರುವ ನಮ್ಮ ತಂದೆಯೇ ಎಂದು ಶುರು ಮಾಡಿದರೆ ‘ನಮ್ಮ ಅನುದಿನದ ಆಹಾರವನ್ನು’ ಎಂಬಲ್ಲಿಗೆ ಮಾತು ತಪ್ಪಿಹೋಗುತ್ತಿತ್ತು, ಆಮೇಲೆ ಮತ್ತೆ ಮೊದಲಿನಿಂದ. ಕಡೆಗೆ ಅದೂ ನಿಂತಿತು. ಯೇಸು ಯಾರೆಂದು ಕೇಳಿದರೆ ಸುಮ್ಮನೆ ನಮ್ಮ ಮುಖ ನೋಡುತ್ತಿದ್ದರು. ಇವರ ಒಳಗೆ ಈಗ ನಂಬಿಕೆಯೆಂಬುದು ಎಲ್ಲಿದೆ ಎಂದು ನಾನು ಯೋಚಿಸುತ್ತಿದ್ದೆ, ಏಕೆಂದರೆ ಆಗಿನ್ನೂ ನಂಬಿಕೆಯನ್ನು ಮನಸ್ಸಿನ ಒಂದು ಸಾಮರ್ಥ್ಯವೆಂದೇ ತಿಳಿದಿದ್ದೆ. ಒಂದು ಮಧ್ಯಾಹ್ನ ಸಭಾಪಾಲಕರು ಕರ್ತನ ಭೋಜನವನ್ನು ಮನೆಗೆ ತಂದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಪುಟ್ಟ ತಟ್ಟೆಯಿಟ್ಟು, ರೊಟ್ಟಿ ಮುರಿದು, ‘ನಿನಗೋಸ್ಕರ ಕೊಡಲ್ಪಟ್ಟ ದೇಹ’ ಎಂದರು. ಯಾರೂ ಹೇಳಿಕೊಡಲಿಲ್ಲ; ಅಜ್ಜಿ ಬಲಗೈಯ ಕೆಳಗೆ ಎಡಗೈ ಹಿಡಿದು, ಎಪ್ಪತ್ತು ವರ್ಷ ವೇದಿಯ ಮುಂದೆ ಮೊಣಕಾಲೂರಿ ಒಡ್ಡಿದ ಹಾಗೆಯೇ, ಬರಿಗೈಯನ್ನು ಮುಂದೊಡ್ಡಿದರು. ಪ್ರಾರ್ಥನೆಯ ಮಾತು ಆಮೇಲೂ ಮರಳಲಿಲ್ಲ. ರೊಟ್ಟಿಯನ್ನು ಮಾತ್ರ ನಿಧಾನವಾಗಿ ಅಗಿದು ನುಂಗಿ, ಅಂಗೈಗೆ ಅಂಟಿದ್ದ ಚೂರನ್ನೂ ಬಿಡದೆ ಬಾಯಿಗೆ ಹಾಕಿಕೊಂಡರು.